ಮೂರು ದಿನದ ಕಬ್ಬು

ದೊಡ್ಡಪ್ಪನ ಕಿವಿ ಇನ್ನೂ ಚೆನ್ನಾಗಿ ಕೇಳುತ್ತದೆ. ವಯಸ್ಸು ಎಂಬತ್ತೆಂಟು ದಾಟಿತು. ಎರಡೂ ಕಣ್ಣಿಗೆ ಆಪರೇಷನ್ ಆಗಿದೆ, ಮೊಣಕಾಲು ಮಡಚಲು ಬರುವುದಿಲ್ಲ, ಬಾಯಲ್ಲಿರುವುದೆಲ್ಲ ಕಟ್ಟಿಸಿದ ಹಲ್ಲು. ಕಿವಿ ಮಾತ್ರ ಪಡಸಾಲೆಯ ಮಂಚದಲ್ಲಿ ಮಲಗಿಕೊಂಡೇ ಅಡುಗೆಮನೆಯಲ್ಲಿ ಯಾರು ಯಾರನ್ನು ಏನೆಂದರು ಎಂದು ಹೇಳುವಷ್ಟು ಚುರುಕು. ದೇವರು ನನಗೆ ಮಾಡಿರುವ ಸಣ್ಣಪುಟ್ಟ ಉಪಕಾರಗಳನ್ನು ಎಣಿಸಲು ಕುಳಿತರೆ ಇದನ್ನೇ ಮೊದಲು ಹಿಡಿಯಬೇಕು. ಮದ್ದೂರಿನ ನನ್ನ ಮನೆಯಲ್ಲಿ ಪ್ರತಿ ಬೆಳಿಗ್ಗೆ ದೀಪ ಹಚ್ಚಿ, ಗಂಡನ ಸಕ್ಕರೆ ಕಾಯಿಲೆಗೆ, ಮಗಳ ಸಂಸಾರಕ್ಕೆ, ಬೀದಿಯ ಮಕ್ಕಳ ಪರೀಕ್ಷೆಗೆ ಬೇಡಿಕೊಂಡಾದ ಮೇಲೆ ಕೊನೆಯಲ್ಲಿ ಒಂದು ಬೇಡಿಕೆ ಇರುತ್ತಿತ್ತು. ತಾಯಿ ಮಾರಮ್ಮ, ದೊಡ್ಡಪ್ಪನಿಗೆ ಆಯಸ್ಸು ಕೊಡು, ಕಿವಿ ಗಟ್ಟಿಯಾಗಿಡು. ಗಂಡ ಇದನ್ನು ಕೇಳಿಸಿಕೊಂಡು, ನನ್ನನ್ನು ಸಾಕಿದ ಮನೆಯ ಹಿರಿಯರ ಮೇಲೆ ನನಗೆ ಎಷ್ಟು ಅಕ್ಕರೆ ಎಂದು ನೆಂಟರ ಮುಂದೆ ಹೊಗಳಿದ್ದುಂಟು. ನಾನು ತಿದ್ದಲಿಲ್ಲ. ದೇವರಿಗೆ ನಿಜ ಗೊತ್ತಿತ್ತು, ಅಷ್ಟು ಸಾಕು. ಆ ಮನುಷ್ಯ ನನ್ನ ಕೈಗೆ ಸಿಗುವವರೆಗೆ ಸಾಯಬಾರದು, ಸಿಕ್ಕಾಗ ಕಿವುಡಾಗಿರಬಾರದು. ಇದೇ ನನ್ನ ಹರಕೆ.

ನಾನು ಹುಟ್ಟಿದ ಮನೆ ಚಿಕ್ಕರಸಿನಕೆರೆಗೆ ಹೋಗುವ ದಾರಿಯಲ್ಲಿದ್ದ ಹಳ್ಳಿಯದು. ಮಣ್ಣಿನ ಗೋಡೆ, ನಾಡಹೆಂಚು, ಒಳಗೆ ಕಾಲಿಟ್ಟರೆ ಎಡಕ್ಕೆ ದನದ ಕೊಟ್ಟಿಗೆ, ಬಲಕ್ಕೆ ಪಡಸಾಲೆ, ನಡುವೆ ಬಿಸಿಲು ಬೀಳುವ ತೊಟ್ಟಿ. ಅಡುಗೆಮನೆಯಲ್ಲಿ ದೊಡ್ಡವ್ವನದೇ ಮಾತು. ಒಳಕಲ್ಲಿನ ಹತ್ತಿರ ಅವ್ವನ ಜಾಗ, ಅಲ್ಲಿಗೆ ಬೆಳಕು ಬರುತ್ತಿರಲಿಲ್ಲ. ಅಪ್ಪ ಇದ್ದರು, ಇದ್ದರಷ್ಟೇ. ಅಣ್ಣನ ಮುಂದೆ ಕುಳಿತು ಮಾತಾಡಿದ್ದನ್ನು ನಾನು ನೋಡಿಲ್ಲ. ಮನೆಯಲ್ಲಿ ಬೀಗವಿದ್ದ ಕೋಣೆ ಒಂದೇ, ಅದು ದೊಡ್ಡಪ್ಪನದು. ಅದರೊಳಗೆ ಮಂಚ, ಮಂಚದ ಕೆಳಗೆ ಬೀಟೆಯ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಆಲೆಮನೆಯ ಡೀಸೆಲ್ ಎಂಜಿನ್ನು ತಿರುಗಿಸುವ ಕಬ್ಬಿಣದ ಹ್ಯಾಂಡ್ಲು. ಆ ಹ್ಯಾಂಡ್ಲು ಇಲ್ಲದೆ ಗಾಣ ತಿರುಗುವುದಿಲ್ಲ, ಗಾಣ ತಿರುಗದೆ ರಸವಿಲ್ಲ, ರಸವಿಲ್ಲದೆ ಬೆಲ್ಲವಿಲ್ಲ. ದೊಡ್ಡಪ್ಪ ಊರಲ್ಲಿ ಇಲ್ಲದ ದಿನ ಆಲೆಮನೆ ಸುಮ್ಮನೆ ಇರುತ್ತಿತ್ತು. ಓದುವವರು ಈ ಹ್ಯಾಂಡ್ಲನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನಂತೂ ಇಟ್ಟುಕೊಂಡಿದ್ದೇನೆ.

ಊಟಕ್ಕೆ ಮೊದಲು ದೊಡ್ಡಪ್ಪ ಕೂರಬೇಕು. ಎರಡು ಮುದ್ದೆ, ಮೇಲೆ ಅವರೆಕಾಳಿನ ಸಾರು. ಅವರು ಮೊದಲ ತುತ್ತು ನುಂಗಿದ ಮೇಲೆ ಉಳಿದವರ ತಟ್ಟೆಗೆ ಬೀಳುತ್ತಿತ್ತು. ನನಗೆ ಬಾಯಿ ಸುಮ್ಮನೆ ಇರುತ್ತಿರಲಿಲ್ಲ. ಕಂಡದ್ದಕ್ಕೆಲ್ಲ ಯಾಕೆ ಎನ್ನುವ ಚಟ. ಹಬ್ಬಕ್ಕೆ ಗೋಡೆ ಬಳಿಯಲು ಅವ್ವ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಒಲೆಯಿಲ್ಲದೆ ಅದು ಕೊತಕೊತ ಕುದಿಯಿತು. ಅದು ಯಾಕೆ ಎಂದು ಊಟದ ಹೊತ್ತಲ್ಲಿ ಕೇಳಿಬಿಟ್ಟೆ.

"ನಿನ್ ಬಾಯಿಗೆ ಒಸಿ ಆಕ್ದೆ ಅಂದ್ರೆ ಯಾಕೆ ಅಂತ ಗೊತ್ತಾಯ್ತದೆ," ಎಂದರು ದೊಡ್ಡಪ್ಪ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು, ನಗಲೇಬೇಕಿತ್ತು.

ನನ್ನ ಪ್ರಶ್ನೆಗೆ ಪ್ರಶ್ನೆಯ ಮರ್ಯಾದೆ ಕೊಡುತ್ತಿದ್ದವನು ಒಬ್ಬನೇ, ಗಂಗಯ್ಯ. ಆಲೆಮನೆಯಲ್ಲಿ ಪಾಕ ನೋಡುವ ಮುದುಕ. ಕೊಪ್ಪರಿಗೆಯ ಮುಂದೆ ಮರದ ಸಲಿಕೆ ಹಿಡಿದು ನಿಂತರೆ ಹೊಗೆಯ ಬಣ್ಣ ನೋಡಿಯೇ ಬೆಂಕಿ ಎಷ್ಟಿದೆ ಎಂದು ಹೇಳುತ್ತಿದ್ದ. ಓದು ಬಾರದು, ಆದರೆ ಅವನಂತೆ ಬಿಡಿಸಿ ಹೇಳುವವರನ್ನು ನಾನು ಆಮೇಲೆ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಬೆಂಡೆಯ ದಂಟು ಜಜ್ಜಿ ಲೋಳೆ ಹಾಕುವುದು ಯಾಕೆ ಎಂದರೆ, ರಸದೊಳಗಿನ ಕಸ ಒಂಟಿಯಾಗಿ ಅಲೆಯುತ್ತಿರುತ್ತದೆ, ಲೋಳೆ ಎಲ್ಲವನ್ನೂ ಕೈ ಹಿಡಿದು ಮೇಲಕ್ಕೆ ಕರೆತರುತ್ತದೆ, ಆಗ ನೊರೆಯ ಜೊತೆ ತೆಗೆಯುವುದು ಸುಲಭ ಎನ್ನುತ್ತಿದ್ದ. ಸುಣ್ಣದ ತಿಳಿ ಯಾಕೆ ಎಂದರೆ, ರಸದಲ್ಲಿ ಹುಟ್ಟಿನಿಂದಲೇ ಒಂದಿಷ್ಟು ಹುಳಿ ಇರುತ್ತದೆ, ಸುಣ್ಣ ಅದರ ಕತ್ತು ಹಿಡಿದು ಕೂರಿಸುತ್ತದೆ. ಪಾಕ ಬಂತೇ ಎಂದು ನೋಡಲು ನೀರಿನ ಚಿಪ್ಪಿಗೆ ಒಂದು ಹನಿ ಬಿಡುತ್ತಿದ್ದ. ಹನಿ ತಳದಲ್ಲಿ ಗೋಲಿಯಂತೆ ನಿಂತರೆ ಆ ಗೋಲಿ ನನ್ನ ಬಾಯಿಗೆ.

ನನಗೆ ಹದಿಮೂರು ನಡೆಯುತ್ತಿದ್ದ ವರ್ಷ, ಒಂದು ಶುಕ್ರವಾರ, ಹೊಳೆ ಬದಿಯ ಗದ್ದೆಯ ಕಬ್ಬು ಕಡಿದು ತಂದು ಆಲೆಮನೆಯ ಮುಂದೆ ಒಟ್ಟಿದರು. ಅದೇ ಮಧ್ಯಾಹ್ನ ದೊಡ್ಡಪ್ಪ ಯಾರದೋ ಮದುವೆ ಒಪ್ಪಂದದ ಊಟಕ್ಕೆಂದು ದುದ್ದಕ್ಕೆ ಹೋದರು. ಸಂಜೆ ಬರುತ್ತೇನೆಂದವರು ಬರಲಿಲ್ಲ. ಶನಿವಾರ ಬರಲಿಲ್ಲ, ಭಾನುವಾರ ಬರಲಿಲ್ಲ. ಅಲ್ಲಿ ಇಸ್ಪೀಟಿಗೆ ಕೂತಿದ್ದಾರೆಂದು ಬಸ್ಸಿನಲ್ಲಿ ಬಂದವರು ಯಾರೋ ಹೇಳಿದರು. ಕೋಣೆಗೆ ಬೀಗ, ಪೆಟ್ಟಿಗೆಗೆ ಬೀಗ, ಬೀಗದ ಕೈಗಳು ದೊಡ್ಡಪ್ಪನ ಉಡಿದಾರದಲ್ಲಿ. ಬಿಸಿಲು ಸುಡುತ್ತಿತ್ತು. ಕಬ್ಬಿನ ತುದಿ ಒಣಗಿ, ಕಡಿದ ಬಾಯಿ ಕೆಂಪಾಗಿ, ಹತ್ತಿರ ಹೋದರೆ ಹೆಂಡದ ವಾಸನೆ ಬರತೊಡಗಿತ್ತು. ಸೋಮವಾರ ಬೆಳಿಗ್ಗೆ ದೊಡ್ಡಪ್ಪ ಬಂದವರೇ ಗಾಣ ಹೂಡಿಸಿದರು. ನಾನು ಶಾಲೆಗೆ ಹೋಗುವ ಮೊದಲು ಬುತ್ತಿ ಕೊಡಲು ಹೋದಾಗ ಗಂಗಯ್ಯ ರಸವನ್ನು ನಾಲಗೆಗೆ ಹಚ್ಚಿ ಉಗುಳಿದ. ಇದನ್ನು ನಾನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ.

"ಗೌಡ್ರೇ, ರಸ ಉಳಿ ಬಂದದೆ. ಮೂರ್ ದಿನ್ದ ಕಬ್ಬು. ಕರ್ದ ಆಲು ಕಾಯ್ಸ್‌ದೆ ಮಡಗ್ದಂಗೆ ಆಗದೆ. ಇದು ಕಟ್ಟಾಕಿಲ್ಲ."

"ಎರಡು ಚೆಂಬು ಸುಣ್ಣ ಜಾಸ್ತಿ ಉಯ್ಯಿ, ಕಟ್ತದೆ. ನಂಗೇಳ್ಕೊಡಾಕೆ ಬತ್ತೀಯಾ?"

"ಒಂದ್ಸಲ ಮುರ್ದೋದ್ಮೇಲೆ ಸುಣ್ಣ ಏನ್ ಮಾಡ್ತದೆ ಬುಡಿ," ಎಂದು ಗಂಗಯ್ಯ ಗೊಣಗಿ ಸಲಿಕೆ ಎತ್ತಿಕೊಂಡ.

ಆ ಮಧ್ಯಾಹ್ನ ಶಾಲೆಯಲ್ಲಿ ನಾನು ದೊಡ್ಡವಳಾದೆ. ಲಂಗ ನೋಡಿ ಗಾಬರಿಯಾಗಿ ಮನೆಗೆ ಓಡಿ ಬಂದು ದೊಡ್ಡವ್ವನಿಗೆ ಹೇಳಿದೆ. ಮರುದಿನ ಬೆಳಗಾದರೂ ಅಚ್ಚಿನಲ್ಲಿ ಬೆಲ್ಲ ಕಟ್ಟಿರಲಿಲ್ಲ. ಕಪ್ಪಗೆ, ಹಲಸಿನ ಮೇಣದಂತೆ, ಬೆರಳಿಟ್ಟರೆ ಬೆರಳಿನ ಜೊತೆ ಎದ್ದು ಬರುತ್ತಿತ್ತು. ಅಚ್ಚುಗಳನ್ನು ಮನೆಯ ತೊಟ್ಟಿಗೆ ಹೊತ್ತು ತಂದರು, ಊರಿನ ನಾಲ್ಕು ಜನ ನೋಡಲು ಬಂದರು. ದೊಡ್ಡಪ್ಪ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಕೊಟ್ಟಿಗೆಯ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ ನನ್ನ ಕಡೆ ತಿರುಗಿದರು. ಅವರು ತಿರುಗಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಖದ ಮೇಲೆ ಮೊದಲು ಏನೂ ಇರಲಿಲ್ಲ, ಆಮೇಲೆ ಒಂದು ನೆಮ್ಮದಿ ಬಂತು.

"ಇವ್ಳು ನೆನ್ನೆ ಬುತ್ತಿ ತಂದಿದ್ಲು ಅಲ್ವಾ? ಮೈಲಿಗೆ ಮೈಯಲ್ಲಿ ಕೊಪ್ರಿಗೆ ತಾವ ನಿಂತವ್ಳೆ. ಇನ್ನೆಲ್ಲಿ ಕಟ್ತದೆ ಬೆಲ್ಲ?"

ನನಗೆ ಆದದ್ದು ಮಧ್ಯಾಹ್ನ, ಬುತ್ತಿ ಕೊಟ್ಟದ್ದು ಬೆಳಿಗ್ಗೆ ಎಂದು ನಾನು ಹೇಳಿದೆ. ಕಬ್ಬು ಮೂರು ದಿನ ಬಿದ್ದಿತ್ತು, ಗಂಗಯ್ಯ ಹುಳಿ ಬಂದಿದೆ ಎಂದಿದ್ದ ಎಂದೂ ಹೇಳಿದೆ. ಕೆನ್ನೆಗೆ ಬಿತ್ತು. ಗಂಗಯ್ಯನ ಕಡೆ ನೋಡಿದೆ. ಅವನು ತಲೆಯ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನೆಲ ನೋಡುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಆ ಮನೆಯ ಕೂಲಿ. ಅಲ್ಲೇ ನಿಂತು ನೋಡಿದ ಅಪ್ಪನ ಮೇಲೆ ಇದೆ. ಅಪ್ಪ ಈಗಿಲ್ಲ, ಸತ್ತವರನ್ನು ಬಿಟ್ಟುಬಿಡಬೇಕು ಎನ್ನುತ್ತಾರೆ. ನಾನು ಪೂರ್ತಿ ಬಿಟ್ಟಿಲ್ಲ.

ನಮ್ಮ ಕಡೆ ಹೆಣ್ಣುಮಗಳು ಮೈನೆರೆದರೆ ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕಬೇಕು, ಒಳಗೆ ಅವಳನ್ನು ಕೂರಿಸಿ ಕೊಬ್ಬರಿ ಬೆಲ್ಲ ತಿನ್ನಿಸಬೇಕು, ಕೊನೆಯ ದಿನ ಮುತ್ತೈದೆಯರು ಓಕುಳಿಯ ಆರತಿ ಎತ್ತಬೇಕು. ದೊಡ್ಡಪ್ಪ ಮಾವನಿಗೆ ಹೇಳಿ ಕಳಿಸಲು ಬಿಡಲಿಲ್ಲ. "ಮನೆ ಕೊಪ್ರಿಗೆ ಕೆಡಿಸ್ದೋಳ್ಗೆ ಆರ್ತಿ ಬೇರೆ ಕೇಡು" ಎಂದರು. ಶಾಲೆಯೂ ಅವತ್ತಿಗೇ ಮುಗಿಯಿತು. ನನ್ನ ವಿಜ್ಞಾನದ ಪುಸ್ತಕದ ಹಾಳೆಗಳನ್ನು ದೊಡ್ಡವ್ವ ಅಚ್ಚಿನಿಂದ ಆ ಅಂಟು ಕೆರೆದು ಒರೆಸಲು ಬಳಸಿದಳು. ಹೃದಯದ ಚಿತ್ರವಿದ್ದ ಹಾಳೆ ಬೆಲ್ಲದಲ್ಲಿ ಅಂಟಿಕೊಂಡು ಎಮ್ಮೆಯ ಮುಂದೆ ಬಿತ್ತು, ಎಮ್ಮೆ ತಿಂದಿತು.

ಅವ್ವನಿಗೆ ತಡೆಯಲಾಗಲಿಲ್ಲ. ಗಂಡಸರೆಲ್ಲ ಗದ್ದೆಗೆ ಹೋಗಿದ್ದ ಹೊತ್ತು, ದೊಡ್ಡವ್ವ ಕೆರೆಗೆ ಬಟ್ಟೆ ಒಯ್ದಿದ್ದಾಗ, ಒಂದು ಕರಟದಲ್ಲಿ ನೀರು, ಅರಿಶಿನ, ಚಿಟಿಕೆ ಸುಣ್ಣ ಕಲಸಿ ಓಕುಳಿ ಮಾಡಿ ಕೊಟ್ಟಿಗೆಗೆ ತಂದಳು. ತಟ್ಟೆಯಿಲ್ಲ, ಹೂವಿಲ್ಲ, ಹಾಡಿಲ್ಲ, ನನ್ನ ಎದುರು ಮಂಡಿಯೂರಿದಳು. ಗಂಗಯ್ಯ ಮಿಕ್ಕಿದ್ದ ಅದೇ ಕಬ್ಬನ್ನು ಅರೆದು, ಗುಡ್ಲಿಲ್ಲದ ಹುಡುಗಿಗೆ ಏನಾದರೂ ಸಿಹಿ ಇರಲೆಂದು ಒಂದು ಚೊಂಬು ರಸ ಕಳಿಸಿದ್ದ. ಅದು ನನ್ನ ಕೈಯಲ್ಲಿತ್ತು. ಅವ್ವ ಕರಟ ಎತ್ತಿ ನನ್ನ ಮುಖದ ಸುತ್ತ ತರುವಾಗ ನಾನು ಅಳು ತಡೆಯದೆ ಅಲುಗಾಡಿದೆ, ರಸ ಚೆಲ್ಲಿ ಓಕುಳಿಗೆ ಬಿತ್ತು. ಕೆಂಪು ಓಕುಳಿ ನೋಡುನೋಡುತ್ತಿದ್ದಂತೆ ಹಳದಿಯಾಯಿತು. ಕುಂಕುಮದ ಬಣ್ಣ ಹೋಗಿ ಬರೀ ಅರಿಶಿನದ ನೀರು. ಅವ್ವ ಕರಟವನ್ನು ನೆಲಕ್ಕಿಟ್ಟಳು.

"ಅಯ್ಯೋ ನನ್ ಕಂದ... ತಾಯಿ ಕೆಂಪ ವಾಪಸ್ ಇಸ್ಕೊಂಬುಟ್ಲಲ್ಲ. ಅವ್ರು ಏಳಿದ್ದು ನಿಜವೇ ಏನೋ ಕಣಮ್ಮಿ."

ದೊಡ್ಡಪ್ಪನ ಏಟಿಗಿಂತ ಆ ಮಾತು ನನ್ನೊಳಗೆ ಇಳಿಯಿತು. ಗಂಗಯ್ಯನ ಮಾತು ಕೇಳಿದ್ದ ನಾನು, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ವ್ಯತ್ಯಾಸ ಗೊತ್ತಿದ್ದ ನಾನು, ಆ ಹಳದಿ ನೀರಿನ ಮುಂದೆ ಸೋತೆ. ದೇವರೇ ಹೇಳಿದ ಮೇಲೆ ಇನ್ನೇನು? ಇಪ್ಪತ್ತು ವರ್ಷ ನಾನು ಒಲೆಯ ಮೇಲಿದ್ದ ಪಾಕದ ಹತ್ತಿರ ಹೋಗಲು ಹೆದರಿದೆ. ಮದುವೆಯಾಗಿ ಮದ್ದೂರಿಗೆ ಬಂದ ಮೇಲೂ ಹಬ್ಬಕ್ಕೆ ಪಾಕ ಹಿಡಿಯಬೇಕಾದಾಗ ಏನಾದರೂ ನೆಪ ಹೇಳಿ ಅತ್ತೆಯ ಕೈಗೆ ಸೌಟು ಕೊಡುತ್ತಿದ್ದೆ. ನನ್ನ ಮೈಯಲ್ಲಿ ಏನೋ ಕೆಡಿಸುವ ಗುಣವಿದೆ ಎಂದು ನಂಬಿ ಬದುಕುವುದು ಹೇಗಿರುತ್ತದೆಂದು ಅದನ್ನು ಅನುಭವಿಸದವರಿಗೆ ಹೇಳಲಾರೆ.

ಬಿಡುಗಡೆ ಬಂದದ್ದು ಮಗಳ ಏಳನೇ ತರಗತಿಯ ಪುಸ್ತಕದಿಂದ. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಅರಿಶಿನವು ಸುಣ್ಣ, ಸೋಪಿನಂಥ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಅದಕ್ಕೆ ಹುಳಿ ಸೇರಿಸಿದರೆ ಮತ್ತೆ ಹಳದಿಗೆ ಮರಳುತ್ತದೆ. "ಇನ್ನೊಂದ್ಸಲ ಓದು" ಎಂದೆ. ಓದಿದಳು. "ಇನ್ನೊಂದ್ಸಲ." ಮೂರನೇ ಸಲಕ್ಕೆ ಅವಳು ತಲೆಯೆತ್ತಿ ನೋಡಿದಳು, ನನ್ನ ಕಣ್ಣೀರು ಈರುಳ್ಳಿಯದೆಂದುಕೊಂಡಳು. ಅವತ್ತೇ ಲೋಟದಲ್ಲಿ ಓಕುಳಿ ಮಾಡಿ ನಿಂಬೆರಸ ಹಿಂಡಿದೆ. ಹಳದಿ. ಹುಣಸೆ ಕಿವುಚಿದೆ. ಹಳದಿ. ಬಸ್‌ಸ್ಟ್ಯಾಂಡಿನ ಹತ್ತಿರದ ಗಾಡಿಯಿಂದ ಕಬ್ಬಿನ ಹಾಲು ತರಿಸಿ ಹಾಕಿದೆ. ಅದೂ ಹಳದಿಯಾಯಿತು, ಆದರೆ ನಿಧಾನವಾಗಿ, ಬಹಳ ಚಮಚ ಹಿಡಿಯಿತು. ತಾಜಾ ರಸದಲ್ಲೂ ಒಂದಿಷ್ಟು ಹುಳಿ ಇರುತ್ತದೆಂದು ಗಂಗಯ್ಯ ಹೇಳಿದ್ದನಲ್ಲ. ಆಮೇಲೆ ಕಬ್ಬಿನ ಜಲ್ಲೆಗಳನ್ನು ಮೂರು ದಿನ ಮಾಳಿಗೆಯ ಬಿಸಿಲಿಗೆ ಹಾಕಿ ರಸ ತೆಗೆಸಿ ನೋಡಿದೆ. ನಾಲ್ಕೇ ಚಮಚ. ಒಂದು ಸಲ ನೋಡಿ ನಂಬಲಿಲ್ಲ. ಆರು ವಾರ, ವಾರಕ್ಕೊಮ್ಮೆ ನೋಡಿದೆ. ಎದುರುಮನೆಯ ಯಜಮಾನರು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಇದ್ದವರು. ಕಡಿದ ಕಬ್ಬನ್ನು ಅವಸರದಲ್ಲಿ ಅರೆಯುವುದು ಯಾಕೆ, ಹುಳಿ ಬಂದರೆ ಸಕ್ಕರೆ ಹೇಗೆ ಎರಡಾಗಿ ಒಡೆಯುತ್ತದೆ ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು. ಕೊಟ್ಟಿಗೆಯಲ್ಲಿ ಮಾರಮ್ಮ ನನ್ನ ವಿರುದ್ಧ ಸಾಕ್ಷಿ ಹೇಳಿರಲಿಲ್ಲ. ನನ್ನ ಪರವಾಗಿ ಹೇಳಿದ್ದಳು. ರಸ ಹುಳಿಯಾಗಿದೆ ಎಂದು ಅವ್ವನ ಕೈಯಲ್ಲೇ ತೋರಿಸಿದ್ದಳು. ನಾವಿಬ್ಬರೂ ಅದನ್ನು ತಲೆಕೆಳಗಾಗಿ ಓದಿದ್ದೆವು. ಅವ್ವನಿಗೆ ಹೇಳೋಣವೆಂದರೆ ಅವಳು ಹೋಗಿ ಎರಡು ವರ್ಷವಾಗಿತ್ತು.

ಮಕ್ಕಳಿಗೆ ವಿಜ್ಞಾನ ಹೇಳುವ ಹುಚ್ಚು ನನಗೆ ಹತ್ತಿದ್ದು ಹೀಗೆ. ಮಕ್ಕಳ ಮೇಲಿನ ಪ್ರೀತಿಯಿಂದ ಎಂದು ಜನ ಹೇಳುತ್ತಾರೆ. ಪ್ರೀತಿ ಆಮೇಲೆ ಬಂತು. ಮೊದಲು ಇದ್ದದ್ದು ಸಿಟ್ಟು. ಇನ್ನೊಂದು ಹುಡುಗಿ ಹಳದಿ ನೀರಿನ ಮುಂದೆ ಸೋಲಬಾರದು ಎಂಬ ಸಿಟ್ಟು. ಭಾನುವಾರ ಬೆಳಿಗ್ಗೆ ನನ್ನ ಮನೆ ಜಗುಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ಕುಕ್ಕರ್ ಯಾಕೆ ಕೂಗುತ್ತದೆ, ಮೊಸರು ಯಾಕೆ ಹೆಪ್ಪಾಗುತ್ತದೆ, ಮೊಬೈಲಿನ ಮಾತು ತಂತಿಯಿಲ್ಲದೆ ಹೇಗೆ ಬರುತ್ತದೆ, ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಓದಿ ಮುಂದಿನ ವಾರ ಹೇಳುತ್ತೇನೆ. ಬರೆದದ್ದು ಒಂದು ಮಕ್ಕಳ ಮಾಸಪತ್ರಿಕೆಯಲ್ಲಿ ಬಂತು, ಆಮೇಲೆ ಎರಡು ಸಣ್ಣ ಪುಸ್ತಕವೂ ಆಯಿತು. ಬೆಲ್ಲದ ಬಗ್ಗೆ ಮಾತ್ರ ಒಂದು ಸಾಲೂ ಬರೆಯಲಿಲ್ಲ. ಮಂಡ್ಯ ಸೀಮೆಯವಳು ಬೆಲ್ಲ ಬಿಟ್ಟು ಉಳಿದೆಲ್ಲ ಬರೆದಿದ್ದಾಳೆ ಎಂದು ಸಂಪಾದಕರು ತಮಾಷೆ ಮಾಡಿದರು. ಬೆಲ್ಲದ ಪಾಠಕ್ಕೆ ಮೊದಲ ವಿದ್ಯಾರ್ಥಿ ಯಾರೆಂದು ನಾನು ಆರಿಸಿಟ್ಟಿದ್ದೆ. ತವರಿಗೆ ಹಬ್ಬಕ್ಕೆ ಹೋದಾಗಲೆಲ್ಲ ಬಾಯಿ ತುದಿಗೆ ಬರುತ್ತಿತ್ತು. ಆದರೆ ಮಂಚದ ಮುಂದೆ ನಾನೊಬ್ಬಳೇ ನಿಂತು ಹೇಳಿದರೆ ಅದು ಬರೀ ಹೆಂಗಸಿನ ಜಗಳವಾಗುತ್ತಿತ್ತು. ಊರು ಕೇಳಬೇಕಿತ್ತು.

ಹೋದ ತಿಂಗಳು ದೀಕ್ಷಾ ಫೋನು ಮಾಡಿದಳು. ದೀಕ್ಷಾ ನನ್ನ ಅಣ್ಣ ಶಿವಣ್ಣನ ಮೊಮ್ಮಗಳು. ಶಿವಣ್ಣ ದೊಡ್ಡಪ್ಪನ ಮಗ. ನನ್ನ ಎರಡೂ ಪುಸ್ತಕ ಅವಳಿಗೆ ಬಾಯಿಪಾಠ. ಹನ್ನೆರಡು ವರ್ಷ, ದಿನಕ್ಕೆ ಮೂರು ಪ್ರಶ್ನೆ ವಾಟ್ಸಾಪಿನಲ್ಲಿ ಕಳಿಸುವವಳು, ಅವತ್ತು ಪಿಸುಗುಡುತ್ತಿದ್ದಳು.

"ಅಜ್ಜಿ, ನಾನು ಗುಡ್ಲೊಳಗೆ ಇದೀನಿ. ಒಂದ್ ಕೇಳ್ಲಾ? ನಾನು ಹತ್ರ ಹೋದ್ರೆ ಬೆಲ್ಲ ಕೆಡ್ತದಾ?"

ನನ್ನ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. "ಯಾರಂದ್ರು?"

"ಮುತ್ತಾತ. ಕೂಲಿಯೋರು ಬರ್ದೇ ಕಬ್ಬು ಟ್ರ್ಯಾಕ್ಟರಲ್ಲೇ ಮೂರ್ನಾಲ್ಕು ದಿನ ಇತ್ತು. ಬೆಲ್ಲ ಕಟ್ಲಿಲ್ಲ. ನಾನು ಅವತ್ತು ವಿಡಿಯೋ ಮಾಡಾಕೆ ಆಲೆಮನೆಗೆ ಹೋಗಿದ್ದೆ, ಮಾರನೇ ದಿನ ನಂಗೆ ಹಿಂಗಾಯ್ತು. ಮುತ್ತಾತ ಎಲ್ರಿಗೂ ಹೇಳ್ತಾವ್ರೆ, ನನ್ನಿಂದ್ಲೇ ಅಂತ. ಅಮ್ಮ ಅದೆಲ್ಲ ಸುಳ್ಳು ಅಂತಾಳೆ, ಆದ್ರೆ ಅಮ್ಮಂಗೆ ಯಾಕೆ ಅಂತ ಗೊತ್ತಿಲ್ಲ. ನಿಜವಾ ಅಜ್ಜಿ?"

ಯಾಕೆ ಅಂತ ಗೊತ್ತಿಲ್ಲ. ಸುಳ್ಳು ಎಂದಷ್ಟೇ ಹೇಳಿದರೆ ಮಕ್ಕಳು ಬಿಡುಗಡೆಯಾಗುವುದಿಲ್ಲ. ಅವರಿಗೆ ಯಾಕೆ ಎಂಬುದು ಬೇಕು. "ಸುಳ್ಳು. ಯಾಕೆ ಅಂತ ಬಂದು ತೋರಿಸ್ತೀನಿ" ಎಂದು ಫೋನಿಟ್ಟು ದೇವರ ಮುಂದೆ ಎರಡನೇ ಸಲ ದೀಪ ಹಚ್ಚಿದೆ. ಮಗುವಿಗೆ ಬಂದ ನೋವಿಗೆ ನೊಂದೆ, ಅದು ಸತ್ಯ. ಅವಕಾಶ ಬಂತಲ್ಲ ಎಂದು ಹಿಗ್ಗಿದೆ, ಅದೂ ಸತ್ಯ. ಎರಡನ್ನೂ ತಾಯಿಯ ಮುಂದೆ ಇಟ್ಟೆ.

ಆರತಿಯ ಹಿಂದಿನ ದಿನ ಬೆಳಿಗ್ಗೆ ಹೋದೆ. ಹಳೆಯ ಮನೆ ಕೆಡವಿ ಮೋಲ್ಡಿಂಗ್ ಮನೆ ಕಟ್ಟಿದ್ದಾರೆ, ಹಾಲಿನ ಮೂಲೆಯಲ್ಲಿ ತೆಂಗಿನ ಗರಿ ಒರಗಿಸಿ ಗುಡ್ಲು, ಎದುರು ಮೂಲೆಯಲ್ಲಿ ದೊಡ್ಡಪ್ಪನ ಮಂಚ. ಶಿವಣ್ಣನಿಗೆ ಹೇಳಿದೆ, ಅವತ್ತೇ ಕಡಿದ ಕಬ್ಬಿನ ರಸ ಒಂದು ಕ್ಯಾನು, ಬೆಲ್ಲ ಕಟ್ಟದ ಆ ಹಳೆಯ ಕಬ್ಬಿನಲ್ಲಿ ಉಳಿದದ್ದರ ರಸ ಒಂದು ಬಾಟಲು, ನಿನ್ನ ಕೈಯಾರೆ ಅರೆದು ತಾ.

"ಯಾತಕ್ಕವ್ವ?"

"ಆರ್ತಿ ಶಾಸ್ತ್ರಕ್ಕೆ," ಎಂದೆ. ಸುಳ್ಳಲ್ಲ.

ಬಾಟಲನ್ನು ಫ್ರಿಜ್ಜಿನಲ್ಲಿ ಇಟ್ಟೆ. ಕ್ಯಾನು, ಇಂಡಕ್ಷನ್ ಒಲೆ, ಸ್ಟೀಲಿನ ಬಾಣಲೆ ಮೂರನ್ನೂ ಗುಡ್ಲೊಳಗೆ ಒಯ್ದೆ. ದೀಕ್ಷಾಳ ಅಮ್ಮ ಶೋಭಾ ವೈರು ಎಳೆದು ಕೊಟ್ಟು, ದೊಡ್ಡಪ್ಪನಿಗೆ ಕಾಣದಂತೆ ಗರಿ ಸರಿಮಾಡಿದಳು. ಐದನೇ ದಿನ, ಇನ್ನೂ ತಲೆಗೆ ನೀರು ಬೀಳದ ಹುಡುಗಿಯ ಕೈಗೆ ನಾನೇ ಸೌಟು ಕೊಟ್ಟೆ. ನಾನು ಒಂದು ಸಲವೂ ಮುಟ್ಟಲಿಲ್ಲ. ಅವಳು ನೊರೆ ತೆಗೆದಳು, ಸುಣ್ಣದ ತಿಳಿ ಹಾಕಿದಳು, ನೀರಿಗೆ ಹನಿ ಬಿಟ್ಟು ನೋಡಿದಳು. ಗೋಲಿ ನಿಂತಾಗ ಅವಳ ಮುಖ ನೋಡಿ ನನಗೆ ಗಂಗಯ್ಯನ ನೆನಪಾಯಿತು. ಇಡ್ಲಿ ತಟ್ಟೆಯ ಗುಳಿಗಳಿಗೂ ಅವಳೇ ಹುಯ್ದಳು. "ಯಾರ್ಲಾ ಪಾಕ ಕಾಯ್ಸೋರು, ಘಮ್ ಅಂತದೆ" ಎಂದು ಮಂಚದಿಂದ ದನಿ ಬಂತು. ಇಬ್ಬರೂ ಬಾಯಿಗೆ ಸೆರಗು, ದುಪಟ್ಟ ಒತ್ತಿಕೊಂಡು ಕೂತೆವು.

ಮರುದಿನ ಹತ್ತು ಗಂಟೆಗೆ ಹಾಲಿನ ತುಂಬ ಜನ. ದೀಕ್ಷಾ ಮಿಂದು ಹಸಿರು ಸೀರೆಯಲ್ಲಿ ಹಸೆಯ ಮೇಲೆ ಕೂತಿದ್ದಳು. ಆರತಿಗೆ ಮೊದಲು ನಾನು ಎರಡು ಗಾಜಿನ ಲೋಟದಲ್ಲಿ ಒಂದೇ ಓಕುಳಿಯನ್ನು ಸಮನಾಗಿ ಹುಯ್ದು, ಅವತ್ತು ಬೆಳಿಗ್ಗೆ ಶಿವಣ್ಣ ಮತ್ತೆ ಅರೆದು ತಂದ ತಾಜಾ ರಸವನ್ನೂ ಬಾಟಲಿನ ರಸವನ್ನೂ ಪಕ್ಕಕ್ಕಿಟ್ಟು ಮಕ್ಕಳನ್ನು ಕರೆದೆ. ಬಾಟಲಿನ ರಸ, ಒಂದು, ಎರಡು, ಮೂರು ಚಮಚ. ಮಕ್ಕಳು ಗಟ್ಟಿಯಾಗಿ ಎಣಿಸಿದರು. ನಾಲ್ಕಕ್ಕೆ ಕೆಂಪು ಹೋಯಿತು. ತಾಜಾ ರಸ ಹನ್ನೊಂದು ಚಮಚ ಹಿಡಿಯಿತು. ಆಮೇಲೆ ಎಂಟು ಮಕ್ಕಳನ್ನು ಎಬ್ಬಿಸಿ ಇಬ್ಬಿಬ್ಬರಂತೆ ಕೈ ಹಿಡಿಸಿ ನಿಲ್ಲಿಸಿದೆ. ಇದು ಸಕ್ಕರೆ, ಜೋಡಿಯಾಗಿದ್ದರೆ ಸಾಲಾಗಿ ಒತ್ತೊತ್ತಾಗಿ ನಿಲ್ಲುತ್ತದೆ, ಅದೇ ಗಟ್ಟಿ ಬೆಲ್ಲ ಎಂದೆ. ಒಬ್ಬ ತುಂಟನನ್ನು ಹುಳಿ ಮಾಡಿದೆ. ಅವನು ಓಡಿ ಬಂದು ಎಲ್ಲರ ಕೈ ಬಿಡಿಸಿದ. ಒಂಟಿಯಾದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು, ಅತ್ತಿತ್ತ ಜಗ್ಗಾಡಿ, ಸಾಲು ನಿಲ್ಲಲೇ ಇಲ್ಲ. ಇದು ಮೇಣದ ಬೆಲ್ಲ ಎಂದೆ. "ಈಗ ಸುಣ್ಣ ಬಂದ್ರೂ ಬಿಟ್ಟ ಕೈ ಸೇರಾಕಿಲ್ವಾ?" ಎಂದು ಒಬ್ಬಳು ಕೇಳಿದಳು. ಸೇರುವುದಿಲ್ಲ ಎಂದೆ. ಹೆಂಗಸರು ನಗುತ್ತಿದ್ದರು, ಗಂಡಸರು ಬಾಗಿಲಿನಿಂದ ಒಳಗೆ ಬಂದಿದ್ದರು.

ನಾನು ಇಡ್ಲಿ ಗುಳಿಯ ಬೆಲ್ಲವೊಂದನ್ನು ತಟ್ಟೆಯಲ್ಲಿಟ್ಟು ಮಂಚದ ಹತ್ತಿರ ಹೋದೆ. ತಟ್ಟೆಗೆ ಬಡಿದರೆ ಟಣ್ ಎನ್ನುತ್ತಿತ್ತು. ದೊಡ್ಡಪ್ಪ ಕಟ್ಟಿಸಿದ ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿ ಚೀಪಿದರು.

"ಇದಪ್ಪ ಬೆಲ್ಲ ಅಂದ್ರೆ. ಯಾವನ್ಲಾ ಪಾಕ ಇಳ್ಸಿದ್ದು?"

"ದೀಕ್ಷಾ," ಎಂದೆ. "ನೆನ್ನೆ. ಗುಡ್ಲಲ್ಲಿ ಕೂತು, ನೀರಾಕ್ಕೊಳ್ಳೋಕೆ ಮುಂಚೆ."

ಚೀಪುವುದು ನಿಂತಿತು. ಉಗುಳಲು ಆಗದು, ನುಂಗಲು ಆಗದು. ಎಲ್ಲರ ಕಣ್ಣೂ ಆ ಬಾಯಿಯ ಮೇಲಿತ್ತು. ಕೊನೆಗೆ ನುಂಗಿದರು. ಆ ಗಂಟಲು ಏರಿ ಇಳಿದದ್ದನ್ನು ನಾನು ಪೂರ್ತಿ ನೋಡಿದೆ.

"ದೊಡ್ಡಪ್ಪ, ನಂಗೆ ಹದಿಮೂರಾಗಿದ್ದಾಗ ಒಂದು ಕೊಪ್ಪರಿಗೆ ಕೆಟ್ಟಿತ್ತು. ನೀವು ನನ್ನ ಹೆಸರು ಹೇಳಿದ್ರಿ. ಕಬ್ಬು ಮೂರು ದಿನ ಬಿಸಿಲಲ್ಲಿ ಬಿದ್ದಿತ್ತು. ಹೌದೋ ಅಲ್ವೋ, ಇಷ್ಟು ಜನದ ಮುಂದೆ ಹೇಳಿ."

"ಯಾವ್ ಕೊಪ್ರಿಗೆ?" ಎಂದರು. "ನಂಗೊಂದೂ ನೆಪ್ಪಿಲ್ಲ ಕಣವ್ವ. ಯಾವ್ ಕಾಲ್ದ ಮಾತು."

ಇದನ್ನು ನಾನು ಎಣಿಸಿರಲಿಲ್ಲ. ಸುಳ್ಳಿಗೆ ನನ್ನ ಹತ್ತಿರ ಉತ್ತರವಿತ್ತು, ಬೈಗುಳಕ್ಕೂ ಇತ್ತು. ಮರೆವಿಗೆ ಏನೂ ಇರಲಿಲ್ಲ. ಐವತ್ತು ವರ್ಷ ನಾನು ಹೊತ್ತದ್ದನ್ನು ಅವರು ಹೊತ್ತೇ ಇರಲಿಲ್ಲ ಎಂದರೆ, ನಾನು ದೀಪ ಹಚ್ಚಿ ಕಾಯ್ದ ಕಿವಿ ಯಾತಕ್ಕೆ? ತಟ್ಟೆ ಹಿಡಿದು ನಿಂತೇ ಇದ್ದೆ. ನಾನು ಹಾಗೆ ನಿಂತದ್ದು ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ಗೋಡೆ ಕಡೆ ಮುಖ ತಿರುಗಿಸಿ ಇನ್ನೊಂದು ಮಾತು ಸೇರಿಸಿದರು.

"ಆಗೆಲ್ಲ ದುದ್ದದಿಂದ ಬಸ್ಸೇ ಇರ್ನಿಲ್ಲ. ಎಂಗ್ ಬರ್ಬೇಕಿತ್ತು ನಾನು?"

ಹಾಲಿನಲ್ಲಿ ಯಾರಿಗೂ ತಕ್ಷಣ ಏನೂ ಹೊಳೆಯಲಿಲ್ಲ. ಹಸೆಯ ಮೇಲಿದ್ದ ಹುಡುಗಿಗೆ ಹೊಳೆಯಿತು.

"ಮುತ್ತಾತ," ಎಂದಳು ದೀಕ್ಷಾ, "ಅಜ್ಜಿ ದುದ್ದ ಅಂತ ಹೇಳ್ಲೇ ಇಲ್ವಲ್ಲ. ನೆಪ್ಪಿಲ್ಲ ಅಂದ್ರಿ, ನಿಮಗೆ ದುದ್ದ ಹೆಂಗೆ ಗೊತ್ತು?"

ಶಿವಣ್ಣ ತನ್ನ ಅಪ್ಪನನ್ನು ನೋಡಿದ. ಬಾಗಿಲ ಬಳಿಯ ಹಳಬನೊಬ್ಬ, "ಬಸ್ಸಿಲ್ದೆ ಏನು, ನಮ್ಮಣ್ಣ ಅದೇ ಬಸ್ಸಲ್ಲಿ ಬಂದು ಇಸ್ಪೀಟಿನ ಸುದ್ದಿ ಏಳಿದ್ದ ಕಣ್ರಲಾ" ಎಂದ. ಯಾರೋ ಕಿಸಕ್ಕೆಂದರು. ನಗು ಹಾಲಿನ ಆ ತುದಿಯಿಂದ ಈ ತುದಿಗೆ ಬಂತು. ಸುಣ್ಣ ಬಾಯಿಗೆ ಹಾಕುತ್ತೇನೆಂದು ದೊಡ್ಡಪ್ಪ ಅಂದ ದಿನ ನಕ್ಕಿದ್ದರಲ್ಲ, ಅದೇ ಬಗೆಯ ನಗು. ದೊಡ್ಡಪ್ಪ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡರು. ನಾನು ಸಮಾಧಾನ ಹೇಳಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಅವರು ಕೇಳಿಯೂ ಇಲ್ಲ. ಹೊಸದಾಗಿ ಓಕುಳಿ ಕಲಸಿ ಆರತಿ ಎತ್ತಿದೆ. ತಟ್ಟೆ ದೀಕ್ಷಾಳ ಮುಖದ ಸುತ್ತ ಮೂರು ಸಲ ಬಂತು. 'ತಾಯಿ, ಇದರಲ್ಲಿ ಒಂದು ಸುತ್ತು ನನ್ನದು' ಎಂದು ಮನಸ್ಸಿನಲ್ಲೇ ಅಂದೆ. ನೀರು ಕೊನೆಯವರೆಗೂ ಕೆಂಪಾಗೇ ಇತ್ತು.

ಆ ಕೆಟ್ಟ ಬೆಲ್ಲದ ಮೇಣವನ್ನು ಶಿವಣ್ಣ ದನಕ್ಕೆ ಹಾಕಿಸಿದ್ದಾನೆ, ಇನ್ನುಮೇಲೆ ಕಡಿದ ದಿನವೇ ಅರೆಯುತ್ತೇನೆಂದು ಆಲೆಮನೆಯ ಗೋಡೆಗೆ ದೀಕ್ಷಾಳ ಕೈಯಲ್ಲೇ ಬರೆಸಿದ್ದಾನೆ. ಭಾನುವಾರ ಬೆಳಿಗ್ಗೆ ಅವಳು ಮುತ್ತಾತನಿಗೆ ಪೇಪರು ಓದಿ ಹೇಳುವುದು ರೂಢಿ. ಕೊನೆಗೂ ಬರೆದ ಈ ಬೆಲ್ಲದ ಪಾಠವನ್ನು ಮೊದಲು ಅವಳಿಗೆ ಕಳಿಸುತ್ತಿದ್ದೇನೆ, ಪೇಪರಿನ ಬದಲು ಇದನ್ನು ಓದಲಿ ಎಂದು. ಒಂದು ಸಲ ಸಾಲದಿದ್ದರೆ ಮರುವಾರವೂ ಓದಲಿ. ದುದ್ದದ ಹೆಸರು ಬಂದಾಗ ಸ್ವಲ್ಪ ಜೋರಾಗಿ ಓದು ಎಂದು ಹೇಳಿದ್ದೇನೆ.